ಹೆದ್ದಾರಿ ಬಿಟ್ಟು ಏರಿ ಹಿಡಿದು



ಹೋದ ಸುಗ್ಗಿಯಲ್ಲಿ ಕಣಕಟ್ಟೆಯ ಹತ್ತಿರ ಒಬ್ಬ ಅಜ್ಜಿ ನಮ್ಮ ಕಾರಿಗೆ ಕೈ ಅಡ್ಡ ಹಿಡಿದರು. ಡಾಂಬರು ರಸ್ತೆಯ ಉದ್ದಕ್ಕೂ ರಾಗಿ ಕಂತೆ ಬಿಚ್ಚಿ ಹಾಸಿತ್ತು. ಬೆಳೆಯ ಮೇಲೆ ಗಾಲಿ ಹರಿಸಬಾರದೆಂದು ನಾನು ಆದಷ್ಟೂ ಅಂಚಿಗೆ ಒತ್ತಿಕೊಂಡು ಹೋಗುತ್ತಿದ್ದೆ. ಆದರೂ ಒಂದು ಗಾಲಿ ಹತ್ತಿರಬೇಕು, ಬೈಗುಳ ಬೀಳುತ್ತದೆ ಎಂದುಕೊಂಡು ಗಾಜು ಇಳಿಸಿದೆ. ಅಜ್ಜಿ ಬೈದರು ನಿಜ, ಆದರೆ ಕಾರಣ ಬೇರೆ. "ಯಾಕ್ ಮಗ ಹಂಗೆ ಅಂಚಿಗ್ ಹೋಗ್ತೀಯ? ನಡು ಮೇಲೇ ಹೊಡಿ. ಅಲ್ಲಿ ಹುಣಸೇಮರದತ್ರ ತಿರುಗಿಸ್ಕೊಂಡು ಇನ್ನೊಂದ್ ಸರ್ತಿ ಬಾ."

ನಾನು ಹೆಂಡತಿಯ ಮುಖ ನೋಡಿದೆ. "ಹೋಗಿ ಬನ್ನಿ ಅಂದ್ರೆ, ಕೇಳ್ತಿದ್ದಾರಲ್ಲ" ಅಂದಳು. ಹುಣಸೆಮರದ ತನಕ ಹೋಗಿ, ತಿರುಗಿಸಿಕೊಂಡು ಬಂದು, ಮತ್ತೆ ಹೋದೆವು. ಮೂರು ಸುತ್ತಿಗೆ ಹುಲ್ಲು ಚಪ್ಪಟೆಯಾಗಿ ಮಿರಮಿರ ಮಿಂಚತೊಡಗಿತು. ಅಜ್ಜಿ ಬಗ್ಗಿ ಒಂದು ಹಿಡಿ ತೆನೆ ಎತ್ತಿ, ಅಂಗೈಯಲ್ಲಿ ಉಜ್ಜಿ, ಊದಿ, ಉಳಿದ ಕಾಳು ನೋಡಿ ಸಾಕೆಂಬಂತೆ ತಲೆಯಾಡಿಸಿದರು. ಕೂಲಿಗೆ ಮಡಿಲಲ್ಲಿದ್ದ ಸೊಗಡಿನ ಅವರೆಕಾಯಿ ಕಾರಿನೊಳಗೆ ಸುರಿದರು. ಆ ದಿನವೆಲ್ಲ ಕಾರು ಅವರೆ ಸೊಗಡಿನ ವಾಸನೆ ಹೊಡೆಯಿತು.

ನನ್ನ ಹೆಂಡತಿಯ ತವರು ಬೇಲೂರಿನ ಕಡೆ. ವರ್ಷಕ್ಕೆ ಎರಡು ಮೂರು ಸಲ ಹೋಗಿಬರುವ ದಾರಿ. ತುಮಕೂರು, ತಿಪಟೂರು, ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು. ಈ ದಾರಿಗೆ ಈಗ 73ನೆಯ ರಾಷ್ಟ್ರೀಯ ಹೆದ್ದಾರಿ ಎಂದು ಹೆಸರು; ಮುಂದೆ ಮೂಡಿಗೆರೆ ದಾಟಿ, ಚಾರ್ಮಾಡಿ ಘಾಟಿ ಇಳಿದು, ಮಂಗಳೂರು ಸೇರುತ್ತದೆ. ಹೆದ್ದಾರಿಯ ಮೇಲೆ ನನಗೇನೂ ಹಗೆಯಿಲ್ಲ. ಹೆರಿಗೆಗೆ ಹೊರಟವರಿಗೆ, ಕೊಬ್ಬರಿ ಲಾರಿಯವರಿಗೆ ಅದು ಬೇಕೇ ಬೇಕು. ಆದರೆ ಹೆದ್ದಾರಿಯಲ್ಲಿ ಹೋದಾಗಲೆಲ್ಲ ನನಗೆ ಒಂದು ಸಂಶಯ ಕಾಡುತ್ತಿತ್ತು. ಅರಸೀಕೆರೆ ಬಯಲುಸೀಮೆ, ಬೇಲೂರಿನ ಆಚೆ ಮಲೆನಾಡು. ಇವೆರಡರ ನಡುವಿನ ಹೊಲಿಗೆ ಎಲ್ಲಿದೆ? ಎಂಬತ್ತರ ವೇಗದಲ್ಲಿ ಹೋಗುವವನಿಗೆ ಆ ಹೊಲಿಗೆ ಕಾಣುವುದಿಲ್ಲ. ತಿಪಟೂರಿನಲ್ಲಿ ಕಣ್ಣು ಮುಚ್ಚಿದರೆ ಬೇಲೂರಿನಲ್ಲಿ ಎಚ್ಚರ. ನಡುವೆ ತೆಂಗಿದ್ದದ್ದು ಯಾವಾಗ ಹೋಯಿತು, ಮಣ್ಣಿನ ಬಣ್ಣ ಎಲ್ಲಿ ಬದಲಾಯಿತು, ಒಂದೂ ತಿಳಿಯುವುದಿಲ್ಲ.

ಹಾಗಾಗಿ ಹೋದ ಸುಗ್ಗಿಯಲ್ಲಿ ಗಟ್ಟಿಮನಸ್ಸು ಮಾಡಿ, ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಿಂದ ಬೇಲೂರಿನವರೆಗೆ ಹೆದ್ದಾರಿಯನ್ನು ಆದಷ್ಟೂ ತುಳಿಯದೆ ಹೋಗುವುದೆಂದು ಹೊರಟೆವು. ಆ ಪ್ರಯಾಣಕ್ಕೆ ಹೇಗೆ ತಯಾರಿ ಮಾಡಿಕೊಂಡೆವು, ಎಲ್ಲಿ ಎಡವಿದೆವು ಎನ್ನುವುದೇ ಈ ಹೊತ್ತಿನ ಮಾತು.

ಮೊದಲು ಎಲ್ಲರಂತೆ ನಾನೂ ಫೋನಿನ ನಕ್ಷೆ ತೆರೆದೆ. ಅದರಲ್ಲಿ 'ಹೆದ್ದಾರಿ ಬೇಡ' ಎನ್ನುವ ಆಯ್ಕೆ ಇದೆ. ಒತ್ತಿದೆ. ಅದು ಒಂದು ಕಡೆ ತೋಟದ ನಡುವಿನ ಗಾಡಿಜಾಡನ್ನು ತೋರಿಸಿತು, ಇನ್ನೊಂದು ಕಡೆ ಯಾರದೋ ಹಟ್ಟಿಯೊಳಗೆ ನುಗ್ಗಿಸಿತು. ಫೋನಿಗೆ ರಸ್ತೆ ಗೊತ್ತು, ಊರು ಗೊತ್ತಿಲ್ಲ. ಆಮೇಲೆ ಸರ್ವೆ ಆಫ್ ಇಂಡಿಯಾದ ಐವತ್ತು ಸಾವಿರಕ್ಕೆ ಒಂದು ಅಳತೆಯ ಹಾಳೆಗಳನ್ನು ಇಳಿಸಿಕೊಂಡೆ. ಅವನ್ನು ಬಿಟ್ಟಿಯಾಗಿ ಕೊಡಲೆಂದು 2017ರಲ್ಲಿ ತೆರೆದ ಸರ್ಕಾರಿ ಜಾಲತಾಣದ ಹೆಸರೇ 'ನಕ್ಷೆ'. ಹಾಳೆಯನ್ನು ಮೇಜಿನ ಮೇಲೆ ಹರಡಿದಾಗ ಮೊದಲು ಕಣ್ಣಿಗೆ ಹೊಡೆದದ್ದು ರಸ್ತೆಯಲ್ಲ, ನೀಲಿ ಚುಕ್ಕೆಗಳು. ಹೊಲದಲ್ಲಿ ಬೀಜ ಚೆಲ್ಲಿದ ಹಾಗೆ ಕೆರೆಗಳು. ಪ್ರತಿ ಕೆರೆಯ ಒಂದು ಮಗ್ಗುಲಿಗೆ ಏರಿಯ ಗೆರೆ, ಆ ಏರಿಯ ಮೇಲೆ ಸಣ್ಣ ರಸ್ತೆಯ ಗೆರೆ.

ಆಗ ಹೊಳೆಯಿತು. ಈ ಸೀಮೆಯಲ್ಲಿ ಊರಿಂದೂರಿಗೆ ಹೋಗುವ ಹಳೆಯ ದಾರಿ ಎಂದರೆ ಕೆರೆ ಏರಿಯೇ. ಕೆರೆ ಕಟ್ಟಿದವರು ಬೇರೆಯಾಗಿ ರಸ್ತೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಏರಿ ಹಾಕಿದ ಮೇಲೆ ಮಳೆಗಾಲದಲ್ಲೂ ಕಾಲು ಹೂಳದ ದಾರಿ ತಾನಾಗಿಯೇ ಸಿಕ್ಕಿತು. ಊರ ಹೆಸರುಗಳನ್ನೇ ನೋಡಿ. ಅರಸಿಯ ಕೆರೆ ಅರಸೀಕೆರೆ. ಹುಲ್ಲೇಕೆರೆ, ಬೆಂಡೇಕೆರೆ, ಹುಲಿಕೆರೆ. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಹೆಸರು ಕೊಟ್ಟದ್ದೂ ಕೆರೆಯೇ. ಇನ್ನು ಕಣಕಟ್ಟೆ: ಕಣವೂ ಉಂಟು, ಕಟ್ಟೆಯೂ ಉಂಟು. ಹೆಸರಿನ ಹುಟ್ಟು ಹೀಗೇ ಎಂದು ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ಕಣವೇ ರಸ್ತೆಗೆ ಬಂದು ಮಲಗಿದ್ದನ್ನು ಅಜ್ಜಿಯ ಪಕ್ಕ ನಿಂತು ನೋಡಿದವನಿಗೆ ಆ ಹೆಸರು ಬೇರೆ ಥರ ಕೇಳಿಸುತ್ತದೆ.

ಆದ್ದರಿಂದ ನಮ್ಮ ಯೋಜನೆ ಬದಲಾಯಿತು. ಊರಿಂದೂರಿಗೆ ಅಲ್ಲ, ಕೆರೆಯಿಂದ ಕೆರೆಗೆ. ಕೆರೆ ಹಿಡಿದರೆ ದೇವಸ್ಥಾನ ಕೈಗೆ ಸಿಕ್ಕಂತೆಯೇ. ಕೆರೆ, ಅದರ ಕೆಳಗೆ ಗದ್ದೆ, ಗದ್ದೆಯ ಹುಟ್ಟುವಳಿಯಿಂದ ನಡೆಯುವ ಗುಡಿ, ಇವು ಒಂದೇ ಸಂಸಾರ. ಇದಕ್ಕೆ ನನಗೆ ಒದಗಿದ ಕೈಪಿಡಿ ವಿಚಿತ್ರವಾದದ್ದು: 1902ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ, ಹಾಸನ ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ಶಾಸನಗಳನ್ನು ತಾಲ್ಲೂಕುವಾರು, ಊರಿನ ಹೆಸರು ಹಾಕಿ ಜೋಡಿಸಿದ್ದಾರೆ. ಯಾವ ಊರಿನಲ್ಲಿ, ಯಾವ ಗುಡಿಯ ಎಡಕ್ಕೆ, ಯಾವ ಕೆರೆಯ ತೂಬಿನ ಹತ್ತಿರ ಕಲ್ಲು ನಿಂತಿದೆ ಎಂಬ ಟಿಪ್ಪಣಿ ಇದೆ. ರೈಸ್ ಸಾಹೇಬರು ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಶಾಸನದ ಗೀಳು ಹಿಡಿಸಿಕೊಂಡವರು. ಆ ಪುಸ್ತಕದಲ್ಲಿ ಹೆದ್ದಾರಿಯೇ ಇಲ್ಲ. ವಿದ್ವಾಂಸರು ಬೇಕಾದ್ದಕ್ಕೆ ಓದಿಕೊಳ್ಳಲಿ, ನನ್ನಂಥವನಿಗೆ ಅದು ದಾರಿಪುಸ್ತಕ.

ಇನ್ನೊಂದು ದಾರಿಪುಸ್ತಕ ಅರಸೀಕೆರೆ ಬಸ್‌ ನಿಲ್ದಾಣದಲ್ಲೇ ನಿಂತಿರುತ್ತದೆ. ಗ್ರಾಮಾಂತರ ಬಸ್ಸಿನ ಮುಂದಿನ ಬೋರ್ಡು. ಕೊನೆಯ ಊರಿನ ಹೆಸರು ದೊಡ್ಡದಾಗಿ, ಅದರ ಕೆಳಗೆ 'ಮಾರ್ಗ' ಎಂದು ನಾಲ್ಕೈದು ಹಳ್ಳಿಗಳ ಹೆಸರು ಸಣ್ಣದಾಗಿ. ಬಸ್ಸು ಹೋಗುವಲ್ಲಿ ಕಾರು ಹೋಗುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಬೆಳಗ್ಗೆ ಏಳಕ್ಕೆ ಅಲ್ಲಿ ಕಾಫಿ ಕುಡಿಯುತ್ತ ನಾನು ಬೋರ್ಡುಗಳನ್ನು ಬರೆದುಕೊಳ್ಳುತ್ತಿದ್ದರೆ, ಕಂಡಕ್ಟರೊಬ್ಬರು "ಏನ್ ಸಾರ್, ಚೆಕಿಂಗಾ?" ಎಂದು ವಿಚಾರಿಸಿಕೊಂಡು ಹೋದರು.

ದಾರಿ ಹಿಡಿದ ಮೇಲೆ ಕಿಲೋಮೀಟರ್ ಕಲ್ಲಿನ ನೆತ್ತಿಯ ಬಣ್ಣ ನೋಡುತ್ತಿರಬೇಕು. ಹಳದಿ ಕಂಡರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಕಂಡರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಕಂಡರೆ ಹಳ್ಳಿಯ ರಸ್ತೆ. 2000ದ ಡಿಸೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ, ಆಮೇಲೆ ನಮ್ಮ ರಾಜ್ಯದ 'ನಮ್ಮ ಗ್ರಾಮ ನಮ್ಮ ರಸ್ತೆ', ಇವುಗಳಿಂದ ಎಷ್ಟೋ ಗಾಡಿಜಾಡುಗಳು ಡಾಂಬರು ಕಂಡಿವೆ. ಹಿಂದಿನವರಿಗೆ ಎತ್ತಿನಗಾಡಿಯಲ್ಲಿ ಮಾತ್ರ ಸಾಧ್ಯವಿದ್ದ ಪ್ರಯಾಣ ನಮಗೆ ಸಣ್ಣ ಕಾರಿನಲ್ಲಿ ಸಾಧ್ಯವಾಗಿದೆ. ನನ್ನ ಹೆಂಡತಿಗೆ ಈ ಕಲ್ಲುಗಳ ಆಟ ಬಹಳ ಹಿಡಿಸಿತು. ಹಳದಿ ಕಲ್ಲು ಕಂಡಾಗಲೆಲ್ಲ "ಔಟ್" ಎಂದು ಕೂಗುತ್ತಿದ್ದಳು.

ದಾರಿ ಕೇಳುವುದಕ್ಕೂ ಒಂದು ಕ್ರಮ ಬೇಕು. "ಬೇಲೂರಿಗೆ ಹೆಂಗೆ ಹೋಗೋದು?" ಎಂದು ಕೇಳಿದಿರೋ, ಕೆಟ್ಟಿರಿ. ಎಂಥ ಸಂದಿಯಲ್ಲಿ ನಿಂತಿದ್ದರೂ ಜನ ನಿಮ್ಮನ್ನು ಪ್ರೀತಿಯಿಂದ ಹೆದ್ದಾರಿಗೇ ಸಾಗಹಾಕುತ್ತಾರೆ. ಮುಂದಿನ ಹಳ್ಳಿಯ ಹೆಸರು ಮಾತ್ರ ಕೇಳಬೇಕು. "ಈ ರಸ್ತೆ ಹೋಗುತ್ತಾ?" ಎಂದೂ ಕೇಳಬಾರದು, ಹೋಗದ ರಸ್ತೆ ಎಲ್ಲಿದೆ? "ಈ ರಸ್ತೇಲಿ ಹಾಲಿನ ಗಾಡಿ ಬರುತ್ತಾ?" ಎಂದು ಕೇಳಿ. ಡೇರಿಯ ಹಾಲಿನ ಗಾಡಿ ದಿನಕ್ಕೆ ಎರಡು ಹೊತ್ತು ಬರುವ ರಸ್ತೆ ಎಂದರೆ ಅದಕ್ಕೆ ಬೇರೆ ಸರ್ಟಿಫಿಕೇಟು ಬೇಡ. "ಬರುತ್ತೆ, ಆದ್ರೆ ರೈಲ್ವೆ ಕೆಳಸೇತುವೇಲಿ ನೀರು ನಿಂತೈತೆ" ಎಂಬಂಥ ಒಳಸುದ್ದಿಯೂ ಜೊತೆಗೇ ಬರುತ್ತದೆ. ಅರಸೀಕೆರೆ ರೈಲು ಜಂಕ್ಷನ್ನು. ಹುಬ್ಬಳ್ಳಿಯ ಕಡೆಗೂ ಹಾಸನ ಮೈಸೂರಿನ ಕಡೆಗೂ ಹಳಿ ಹರಿಯುವುದರಿಂದ ಈ ಕೆಳಸೇತುವೆಗಳ ಕಾಟ ತಪ್ಪಿದ್ದಲ್ಲ.

ಎಡವಿದ್ದು ಹೇಳುತ್ತೇನೆಂದೆ. ರಾಗಿಯ ಮೇಲೆ ಮೂರು ಸುತ್ತು ಹೊಡೆದು ಬೀಗಿದವನು, ಮುಂದೆ ಎರಡು ಮೈಲಿಗೆ ಹುರುಳಿಯ ಮೇಲೂ ಅದೇ ಹುಮ್ಮಸ್ಸಿನಲ್ಲಿ ಹೋದೆ. ರಾಗಿ ಹುಲ್ಲು ಮಲಗಿಕೊಳ್ಳುತ್ತದೆ, ಹುರುಳಿ ಬಳ್ಳಿ ಹಬ್ಬಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಇಳಿದು ಬಗ್ಗಿ ನೋಡಿದರೆ ಚಕ್ರದ ಒಳಗಡೆ, ತಿರುಗುವ ದಂಡಕ್ಕೆ, ಬಳ್ಳಿ ಹಗ್ಗದ ಹಾಗೆ ಹೊಸೆದುಕೊಂಡು ಹೊಗೆಯಾಡುತ್ತಿತ್ತು. ಹೊಲದಲ್ಲಿದ್ದ ಹುಡುಗನೊಬ್ಬ ಕುಡುಗೋಲು ಹಿಡಿದು ಕಾರಿನ ಅಡಿಗೆ ತೂರಿಕೊಂಡ. ಮಾತಿಲ್ಲದೆ ಅರ್ಧ ಗಂಟೆ ಕುಯ್ದು ಎಳೆದು ಹಾಕಿದ. ಎದ್ದು ಮೈ ಕೊಡವಿಕೊಂಡು, "ಅಣ್ಣ, ಹುರುಳಿ ಮೇಲೆ ಹೋಗ್ಬೇಡಿ, ಹೋದ್ ವರ್ಷ ಒಂದ್ ಕಾರು ಉರಿದೋಯ್ತು" ಎಂದು ತಣ್ಣಗೆ ಹೇಳಿದ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿರೆಂದು ಪೊಲೀಸರು ಪ್ರತಿ ವರ್ಷ ಹೇಳುವುದು ಸುಮ್ಮನೆ ಅಲ್ಲ. ದ್ವಿಚಕ್ರದವರಿಗಂತೂ ಆ ಹುಲ್ಲು ಎಣ್ಣೆ ಸವರಿದ ನೆಲ. ಆದರೆ ಸಗಣಿಯಲ್ಲಿ ಸಾರಿಸಿದ ಕಣ, ನಡುವೆ ಮೇಟಿ, ಗುಂಡು ಎಳೆಯುವ ಎತ್ತು, ಇವುಗಳಲ್ಲಿ ಒಂದೂ ಉಳಿಯದ ಮನೆಯವರು ಎಲ್ಲಿ ಒಕ್ಕಬೇಕು? ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ರಾಗಿಯಾದರೆ ಹೋಗಿ, ಹುರುಳಿಯಾದರೆ ನಿಲ್ಲಿ, ಇಷ್ಟೇ ಹೇಳಬಲ್ಲೆ.

ಅರಸೀಕೆರೆ ಪೇಟೆಯಲ್ಲಿ ಪೆಟ್ರೋಲು ತುಂಬಿಸಿಕೊಂಡು ಶಿವಾಲಯಕ್ಕೆ ಹೋದೆವು. 1220ರ ಕಾಲದ್ದು. ನಕ್ಷತ್ರದ ಆಕಾರದ ಗರ್ಭಗುಡಿಯ ಎದುರಿಗೆ ನಕ್ಷತ್ರದಾಕಾರದ್ದೇ ತೆರೆದ ಮಂಟಪ. ಒಳಗೆ ನಿಂತು ಮೇಲೆ ನೋಡಿದರೆ ಛತ್ರಿ ಬಿಚ್ಚಿದ ಹಾಗೆ ಗುಮ್ಮಟ. ಅದೇ ವರ್ಷ ಅದೇ ಊರಿನಲ್ಲಿ ದಂಡನಾಯಕ ರೇಚರಸ ಸಹಸ್ರಕೂಟ ಜಿನಾಲಯ ಕಟ್ಟಿಸಿದ. ರೈಲು ಹಿಡಿಯುವ ಅವಸರದಲ್ಲಿ ಈ ಊರನ್ನು ಕಂಡವರಿಗೆ ಎರಡೂ ಗೊತ್ತಿರುವುದಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಹಾರನಹಳ್ಳಿ. ಹಾಸನದ ದೊಡ್ಡ ರಸ್ತೆಯನ್ನು ಸ್ವಲ್ಪ ದೂರ ತುಳಿಯದೆ ವಿಧಿಯಿಲ್ಲ, ಎಂಟು ಕಿಲೋಮೀಟರಿನ ಆಸುಪಾಸು. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು 1235ರ ಸುಮಾರಿಗೆ ಇಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಕಟ್ಟಿಸಿದರು, ಹತ್ತಿರದಲ್ಲೇ ಸೋಮೇಶ್ವರ. ಸುತ್ತ ತೆಂಗಿನ ತೋಟ. ಇಲ್ಲಿಯ ಮನೆಗಳ ಅಟ್ಟದಲ್ಲಿ ಕಾಯಿ ಮಲಗಿರುತ್ತವೆ. ಹತ್ತು ಹನ್ನೊಂದು ತಿಂಗಳು ಅಲುಗಿಸದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಅದು ಉಂಡೆ ಕೊಬ್ಬರಿ. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಯಜಮಾನರು ಕಾಯೊಂದನ್ನು ನನ್ನ ಕಿವಿಯ ಹತ್ತಿರ ಆಡಿಸಿ, "ಕೇಳ್ರಿ, ಇನ್ನೂ ಎರಡು ತಿಂಗಳು ಬೇಕು" ಅಂದರು. ನನಗೆ ಏನೂ ಕೇಳಿಸಲಿಲ್ಲ. ಕೇಳಿಸಬಾರದು ಎನ್ನುವುದೇ ಅವರ ಮಾತಿನ ಅರ್ಥ ಎಂದು ಆಮೇಲೆ ಹೆಂಡತಿ ತಿಳಿಸಿದಳು.

ಹಾರನಹಳ್ಳಿಯಿಂದ ಪಶ್ಚಿಮಕ್ಕೆ ಜಾವಗಲ್ ತನಕದ ಹಳ್ಳಿಗಳ ಹೆಸರನ್ನು ನಾನು ಬೇಕೆಂದೇ ಹೇಳುವುದಿಲ್ಲ. ನೀವೇ ಕೇಳಿಕೊಂಡು ಹೋಗಿ. ಏರಿಯ ಮೇಲೆ ಹೋಗುವಾಗ ಮಾತ್ರ ಎರಡು ವಿಷಯ ನೆನಪಿರಲಿ. ಒಂದು, ಬಹುತೇಕ ಏರಿಗಳಿಗೆ ತಡೆಗೋಡೆ ಇಲ್ಲ. ಎದುರಿಗೆ ಬಸ್ಸು ಬಂದರೆ ಯಾರು ಹಿಂದಕ್ಕೆ ಹೋಗಬೇಕೆಂಬ ಚರ್ಚೆ ಬೇಡ, ನೀವೇ ಹೋಗಬೇಕು. ಇನ್ನೊಂದು, ನೀರು ಯಾವ ಮಗ್ಗುಲಿಗಿದೆ ನೋಡುತ್ತಿರಿ. ಏರಿಯ ಯಾವ ಕಡೆ ನೀರಿದೆಯೋ ಅದು ಮೇಲಿನ ಸೀಮೆ, ಯಾವ ಕಡೆ ಗದ್ದೆಯಿದೆಯೋ ಅದು ಇಳಿಜಾರು. ಅರಸೀಕೆರೆಯ ಉತ್ತರಕ್ಕೆ ಬಿದ್ದ ಮಳೆ ವೇದಾವತಿಯ ಪಾಲು, ಅಂದರೆ ಕೊನೆಗೆ ಕೃಷ್ಣೆಯದು. ಬೇಲೂರಿನ ಮಳೆ ಯಗಚಿಯ ಪಾಲು. ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ. ನಡುವೆ ಎಲ್ಲೋ ಒಂದು ದಿಬ್ಬದಲ್ಲಿ ನಾವು ಕೃಷ್ಣೆಯ ಸೀಮೆ ಬಿಟ್ಟು ಕಾವೇರಿಯ ಸೀಮೆಗೆ ಕಾಲಿಟ್ಟಿರುತ್ತೇವೆ. ನಾನು ಹುಡುಕುತ್ತಿದ್ದ ಹೊಲಿಗೆ ಇದೇ ಇರಬಹುದೆಂದು ನನ್ನ ಲೆಕ್ಕ. ಅಲ್ಲಿಗೆ ಒಂದು ಬೋರ್ಡಾದರೂ ಬೇಡವೇ? ಗ್ರಾಮ ಪಂಚಾಯಿತಿ ಎಲ್ಲೆಗೆ ಕಮಾನು ಕಟ್ಟುತ್ತೇವೆ, ಎರಡು ಮಹಾನದಿಗಳು ಬೆನ್ನು ತಿರುಗಿಸಿಕೊಳ್ಳುವ ಜಾಗಕ್ಕೆ ಒಂದು ಕಲ್ಲೂ ಇಲ್ಲ.

ಜಾವಗಲ್ ಹೆದ್ದಾರಿಯ ಮೇಲಿನ ಊರು. ವೇಗದ ಬೌಲರ್ ಶ್ರೀನಾಥರ ಹೆಸರಿನ ಹಿಂದಿರುವುದು ಇದೇ. 1250ರ ಸುಮಾರಿನ ಲಕ್ಷ್ಮೀನರಸಿಂಹ ದೇವಾಲಯ ಊರೊಳಗಿದೆ. ಊಟಕ್ಕೆ ನಿಂತು, ಹಳದಿ ಕಲ್ಲನ್ನು ಬೇಗ ಬಿಟ್ಟು, ಬೆಳವಾಡಿಯ ದಾರಿ ಹಿಡಿದೆವು.

ಬೆಳವಾಡಿ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. ಊರು ಸಣ್ಣದು, ದೇವಸ್ಥಾನ ದೊಡ್ಡದು. ಎರಡನೆಯ ವೀರಬಲ್ಲಾಳನ ಕಾಲದ್ದು, 1200ರ ಆಸುಪಾಸು. ಮೆಟ್ಟಿಲ ಎರಡು ಬದಿಗೆ ಕಲ್ಲಾನೆ. ಒಳಗೆ ನಡುವೆ ವೀರನಾರಾಯಣ. ಎಡಬಲಕ್ಕೆ ವೇಣುಗೋಪಾಲ, ಯೋಗಾನರಸಿಂಹ, ಇವರಿಬ್ಬರೂ ವಿಶಾಲವಾದ ಮಂಟಪದ ಆಚೀಚೆಯಿಂದ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ನಾವು ಹೋದಾಗ ಮಂಟಪದಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಕಾಲಿಗೆ ತಂಪು ಹತ್ತಿತು. ಚರಕಿ ಹಿಡಿದು ಕಡೆದ ಕಂಬಗಳು ಸಾಲಾಗಿ, ಕಪ್ಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಹತ್ತಿರ ಹೋದರೆ ಕಂಬದ ಹೊಟ್ಟೆಯಲ್ಲಿ ನಮ್ಮ ಮುಖ ಉದ್ದವಾಗಿ, ಕುತ್ತಿಗೆಯಲ್ಲಿ ಗಿಡ್ಡವಾಗಿ ಕಾಣುತ್ತದೆ. ನನ್ನ ಹೆಂಡತಿ ಒಂದೊಂದೇ ಕಂಬದ ಎದುರು ನಿಂತು ಸೆರಗು ಸರಿಮಾಡಿಕೊಂಡಳು. ಎಂಟುನೂರು ವರ್ಷದಿಂದ ಎಷ್ಟು ಜನ ಹೆಂಗಸರು ಹೀಗೆ ಮಾಡಿರಬಹುದು ಎಂದು ನಾನು ಅಂದದ್ದಕ್ಕೆ, "ಗಂಡಸರು ಮೀಸೆ ನೋಡ್ಕೊಂಡಿಲ್ಲ ಅಂತೀರಾ?" ಅಂದಳು. ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಸಂತೋಷ. ಬೆಳವಾಡಿ ಸೇರಲಿಲ್ಲ. ನನ್ನ ಸ್ವಾರ್ಥಕ್ಕೆ ಅದೂ ಸಂತೋಷವೇ.

ಬೆಳವಾಡಿಯಿಂದ ಹಳೇಬೀಡಿಗೆ ಹಳ್ಳಿ ರಸ್ತೆಯಲ್ಲೇ ಬಂದೆವು. ತೆಂಗು ಹಿಂದಕ್ಕೆ ಸರಿದು ಮುಸುಕಿನ ಜೋಳ, ಶುಂಠಿಯ ಪಟ್ಟೆಗಳು ಬಂದಿದ್ದವು. ಕೆಂಪು ಹೆಂಚಿನ ಮಾಡುಗಳು ಹೆಚ್ಚಿದವು. ಗಾಳಿಯಲ್ಲಿ ಧೂಳು ಕಡಿಮೆಯಾಗಿತ್ತು. ಹೊಯ್ಸಳೇಶ್ವರನ ಮುಂದೆ ಬಸ್ಸುಗಳ ಜಾತ್ರೆ. ಅಲ್ಲಿಯ ಶಿಲ್ಪದ ವಿಷಯ ಈಗಾಗಲೇ ಬಹಳ ಜನ ಹೇಳಿದ್ದಾರೆ. ನಾವು ಸದ್ದಿಲ್ಲದ ಬಸದಿಗಳನ್ನೂ, 1219ರ ಕೇದಾರೇಶ್ವರವನ್ನೂ, ಹತ್ತಿರದ ಹುಲಿಕೆರೆಯ ಮೆಟ್ಟಿಲು ಕೊಳವನ್ನೂ ನೋಡಿಕೊಂಡು ಹೊರಟೆವು. ಅಂದು ದೋರಸಮುದ್ರವಾಗಿದ್ದ ಈ ಊರಿಗೆ 1311ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದ. ಅವನು ಮಾತ್ರ ಹೆದ್ದಾರಿಯಲ್ಲೇ ಬಂದಿರಬೇಕು.

ಹಳೇಬೀಡಿನಿಂದ ಬೇಲೂರಿಗೆ ನೇರ ಹದಿನಾರು ಕಿಲೋಮೀಟರು. ಇಪ್ಪತ್ತೈದು ನಿಮಿಷದ ಮಾತು. ನಾವು ಪುಷ್ಪಗಿರಿಯ ಬಳಸುದಾರಿ ಹಿಡಿದು ಎರಡು ಗಂಟೆ ಕಳೆದೆವು. ಹೊತ್ತು ಇಳಿಯುವಾಗ ಒಂದು ಸಣ್ಣ ಕೆರೆಯ ಏರಿ ಸಿಕ್ಕಿತು. ನೀರು ಬಲಗಡೆ, ಗದ್ದೆ ಎಡಗಡೆ. ಬೆಳಗ್ಗೆಯಿಂದ ಮನಸ್ಸಿನಲ್ಲಿದ್ದ ಲೆಕ್ಕ ಚುಕ್ತಾ ಮಾಡೋಣವೆಂದು ಗಾಡಿ ನಿಲ್ಲಿಸಿದೆ. ತೂಬಿನ ಕಲ್ಲಿನ ಮೇಲೆ ಒಬ್ಬರು ಗಾಳ ಹಾಕಿಕೊಂಡು ಕೂತಿದ್ದರು.

"ಯಜಮಾನ್ರೆ, ಈ ಕೆರೆ ಕೋಡಿ ನೀರು ಎತ್ತಲಾಗೆ ಹೋಗುತ್ತೆ? ಯಗಚಿಗೇನಾ?"

ಅವರು ಬೆಂಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಕೋಡಿ ಬೀಳ್ಲಿ ಸ್ವಾಮಿ," ಅಂದರು, "ಬಂದು ಹೇಳ್ತೀನಿ."